ಮರಳಿ ಬಾರದ ವೀರರ ದಾರಿ

ದೇವಗಿರಿಯ ಸೇವುಣರ ದಂಡನಾಯಕ ಸಾಳುವ ತಿಕ್ಕಮ 1276ರಲ್ಲಿ ಹೊಯ್ಸಳರ ದೋರಸಮುದ್ರದ ಮೇಲೆ ದಂಡೆತ್ತಿ ಹೋದ. ಮರುವರ್ಷ ಹರಿಹರದಲ್ಲಿ ಲಕ್ಷ್ಮೀನಾರಾಯಣನಿಗೆ ಗುಡಿ ಕಟ್ಟಿಸಿ, ತಾನು ಗೆದ್ದು ಆನೆ ಕುದುರೆಗಳ ಕಪ್ಪ ತಂದದ್ದನ್ನು ಕಲ್ಲಿನಲ್ಲಿ ಕೊರೆಸಿದ. ಹೊಯ್ಸಳರ ಶಾಸನಗಳ ಪ್ರಕಾರ ಬೆಳವಾಡಿಯಲ್ಲಿ ಸೋತ ಇದೇ ತಿಕ್ಕಮನನ್ನು ದುಮ್ಮೆಯಾಚೆಗೆ ಅಟ್ಟಲಾಯಿತು! ಒಂದೇ ಕಾಳಗ, ಇಬ್ಬರಿಗೂ ಜಯ.

ದಾವಣಗೆರೆ ಪಕ್ಕದ ಬೇತೂರು ಆಗ ಸೇವುಣರ ಆಡಳಿತದ ನೆಲೆ. ಹರಿಹರವಂತೂ ಕೈಯಿಂದ ಕೈಗೆ ದಾಟುತ್ತಿದ್ದ ಗಡಿಯೂರು. ಹರಿಹರೇಶ್ವರನ ಗುಡಿಯನ್ನು 1224ರ ಹೊತ್ತಿಗೆ ಕಟ್ಟಿಸಿದ ಪೊಲಾಳ್ವನೂ, 1268ರಲ್ಲಿ ಅದನ್ನು ಬೆಳೆಸಿದ ಸೋಮನೂ ಹೊಯ್ಸಳ ದಂಡನಾಯಕರು. ಒಂಬತ್ತೇ ವರ್ಷದಲ್ಲಿ ಅದೇ ಊರಿನಲ್ಲಿ ಸೇವುಣರ ಜಯದ ಬರಹ ಎದ್ದು ನಿಂತಿತು.

ದಂಡನಾಯಕರು ಬದುಕಿ ಬಂದು ತಮ್ಮ ಕಥೆಯನ್ನು ತಾವೇ ಬರೆಸಿದರು. ಅವರ ಹಿಂದೆ ನಡೆದ ಕಾಲಾಳಿನ ಕಥೆ ಸಿಗುವುದು ವೀರಗಲ್ಲುಗಳಲ್ಲಿ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಎಷ್ಟೋ ಸಲ ತುರುಗಳನ್ನು ಬಿಡಿಸಿಕೊಳ್ಳುವ ಹೋರಾಟ. ನಡುವೆ ಅಪ್ಸರೆಯರು ಮಡಿದ ವೀರನನ್ನು ಮೇಲಕ್ಕೊಯ್ಯುತ್ತಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೈಮುಗಿದು ಕುಳಿತಿದ್ದಾನೆ. ನೆತ್ತಿಯಲ್ಲಿ ಸೂರ್ಯ ಚಂದ್ರ. ಮನೆಯವರಿಗೆ ನೆತ್ತರುಗೊಡಗೆಯಾಗಿ ಹೊಲ ಬಿಟ್ಟುಕೊಟ್ಟದ್ದೂ ಉಂಟು. ಊರಿನ ದನಗಳಿಗಾಗಿ ಪ್ರಾಣ ಕೊಟ್ಟವನಿಗೆ ಅರಸರ ಪ್ರಶಸ್ತಿಗಿಂತ ದೊಡ್ಡ ಗೌರವ ಸಲ್ಲಬೇಕೆಂದೇ ನನಗೆ ಅನ್ನಿಸುತ್ತದೆ.

ಯೂರೋಪಿನ ವೀರಕಥೆಗಳ ದಾರಿ ಬೇರೆ. ಹನ್ನೆರಡನೆಯ ಶತಮಾನದ ಫ್ರಾನ್ಸಿನಲ್ಲಿ ಕ್ರೆತ್ಯಾಂ ದ ತ್ರುವಾ ಆರ್ಥರ್ ರಾಜನ ಆಸ್ಥಾನದ ಯೋಧರ ಕಾವ್ಯಗಳನ್ನು ಬರೆದ. ಯೋಧ ಹೊರಡುತ್ತಾನೆ, ಮಾನ ಕಳೆದುಕೊಳ್ಳುತ್ತಾನೆ, ಮರಳಿ ಗಳಿಸುತ್ತಾನೆ. ಹೊರಡುವುದು, ಒರೆಗೆ ಬೀಳುವುದು, ಮರಳುವುದು ಎಂಬ ಈ ನಡೆಯನ್ನು ಜೋಸೆಫ್ ಕ್ಯಾಂಪ್‌ಬೆಲ್ 1949ರಲ್ಲಿ ಲೋಕದ ವೀರಕಥೆಗಳಿಗೆಲ್ಲ ಅನ್ವಯಿಸಿದ. ನಮ್ಮ ವೀರಗಲ್ಲಿನಲ್ಲಿ ಮರಳುವ ಪಟ್ಟಿಕೆಯೇ ಇಲ್ಲ.

ಈ ಕಲ್ಲಿನ ದಾರಿ ತುಂಬು ಕಥೆಯಾಗಿ ಅರಳಿದ್ದು ಕಂಪಿಲಿಯ ಕುಮಾರರಾಮನಲ್ಲಿ. ಮುಹಮ್ಮದ್ ಬಿನ್ ತುಘಲಕನ ಸೈನ್ಯದೆದುರು 1327ರ ಸುಮಾರಿಗೆ ಮಡಿದ ಈ ರಾಜಕುಮಾರನನ್ನು, ಸುಮಾರು ಇನ್ನೂರು ವರ್ಷಗಳ ಮೇಲೆ ನಂಜುಂಡ ಕವಿ ಸಾಂಗತ್ಯದಲ್ಲಿ ಹಾಡಿದ. ಅವನ ರಾಮನಿಗೆ ಕಂಟಕ ಒದಗುವುದು ರಣರಂಗದಲ್ಲಷ್ಟೇ ಅಲ್ಲ, ಅರಮನೆಯಲ್ಲೂ. ಮಲತಾಯಿ ರತ್ನಾಜಿ ಮೋಹಿಸುತ್ತಾಳೆ, ಅವನು ಒಲ್ಲೆನೆಂದಾಗ ಗಂಡನ ಬಳಿ ದೂರುತ್ತಾಳೆ. ಕಂಪಿಲರಾಯ ಮಗನ ತಲೆ ತರಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ಬೇರೊಂದು ತಲೆ ತೋರಿಸಿ ರಾಮನನ್ನು ನೆಲಮಾಳಿಗೆಯಲ್ಲಿ ಅಡಗಿಸುತ್ತಾನೆ. ದೆಹಲಿಯ ಸೈನ್ಯ ಮುತ್ತಿದಾಗ, ತಂದೆಯ ಲೆಕ್ಕದಲ್ಲಿ ಸತ್ತವನು ಎದ್ದು ಬರುತ್ತಾನೆ, ತನ್ನನ್ನು ಕೊಲ್ಲಹೇಳಿದವನ ರಾಜ್ಯಕ್ಕಾಗಿಯೇ ಹೋರಾಡುತ್ತಾನೆ.

ಹದಿನಾಲ್ಕನೆಯ ಶತಮಾನದ ಕೊನೆಯ ಭಾಗದ ಇಂಗ್ಲಿಷ್ ಕಾವ್ಯದಲ್ಲಿ ಆರ್ಥರನ ಯೋಧ ಗವೈನನನ್ನೂ ಆತಿಥೇಯನ ಹೆಂಡತಿ ಪರೀಕ್ಷಿಸುತ್ತಾಳೆ. ಸಣ್ಣದೊಂದು ತಪ್ಪಿನ ನಾಚಿಕೆ ಹೊತ್ತು ಅವನು ಆಸ್ಥಾನಕ್ಕೆ ಮರಳುತ್ತಾನೆ. ಪರನಾರಿ ಸಹೋದರನೆಂದು ಹೆಸರಾದ ರಾಮನಲ್ಲಿ ತಪ್ಪೇ ಇಲ್ಲ, ಆದರೂ ಬದುಕುವುದಿಲ್ಲ. ಮರಳಿ ಬರುವ ಭಾಗ್ಯ ಅವನಿಗೂ ಉಂಟು; ಅದು ಕಥೆಯ ಕೊನೆಯಲ್ಲಿ ಸಿಗುವ ನೆಮ್ಮದಿಯಲ್ಲ, ಇನ್ನೊಮ್ಮೆ ಸಾಯಲು ನಡುವೆ ಸಿಕ್ಕ ಅವಕಾಶ. ಕ್ಯಾಂಪ್‌ಬೆಲ್‌ನ ಅಳತೆಗೆ ಈ ಕಥೆ ಒಗ್ಗದಿರುವುದು ಇಲ್ಲಿಯೇ.

ಕಾಳಗ ಮುಗಿದ ಮೇಲೆ ಅವನ ತಲೆ ದೆಹಲಿಗೆ ಹೋಯಿತೆನ್ನುತ್ತದೆ ಕಥೆ. ಮಲೆನಾಡಿನ ಕೆಲವು ಊರುಗಳಲ್ಲಿ ಮರದಲ್ಲಿ ಕಡೆದ ಕುಮಾರರಾಮನ ಮುಖಕ್ಕೆ ಇಂದಿಗೂ ಪೂಜೆ ಸಲ್ಲುತ್ತದೆ.