ಗೆಲುವು ಗಾಡಿಯದೋ, ಸಾರಥಿಯದೋ?

ದೀಪಾವಳಿ ಬಂತೆಂದರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ಹಳ್ಳಿಗಳಲ್ಲಿ ಹೋರಿ ಹಬ್ಬದ ಸಡಗರ. ಕೊರಳಿಗೆ ಕೊಬ್ಬರಿ ಸರ ಕಟ್ಟಿದ ಹೋರಿ ಯಾರ ಕೈಗೂ ಸಿಗದೆ ಪಾರಾದರೆ ಆ ಸಂಜೆ ಕಟ್ಟೆಯ ಮೇಲೆ ಒಂದೇ ಚರ್ಚೆ: ಗೆಲುವು ಹೋರಿಯ ಕಸುವಿನದೋ, ಮೇಯಿಸಿ ಪಳಗಿಸಿದ ಒಡೆಯನದೋ? ಫಾರ್ಮುಲಾ ಒನ್ ಕಾರು ಪಂದ್ಯದಲ್ಲಿಯೂ ಇದೇ ಪ್ರಶ್ನೆಯಿದೆ. ಗೆದ್ದದ್ದು ಕಾರೋ, ಚಾಲಕನೋ? ಇದಕ್ಕೆ ಉತ್ತರ ಹುಡುಕುವವರು ಇಟಲಿಯ ಜಿಯಾಂಕಾರ್ಲೊ ಫಿಸಿಕೆಲ್ಲಾ ಅವರ ಜೀವನವನ್ನು ಒಮ್ಮೆ ನೋಡಬೇಕು.

ಫಿಸಿಕೆಲ್ಲಾ ಹುಟ್ಟಿದ್ದು 1973ರಲ್ಲಿ, ರೋಮ್ ನಗರದಲ್ಲಿ. 1996ರಲ್ಲಿ ಮಿನಾರ್ಡಿ ಎಂಬ ಪುಟ್ಟ ತಂಡದ ಮೂಲಕ ಫಾರ್ಮುಲಾ ಒನ್ ಪ್ರವೇಶಿಸಿದ ಅವರು 2009ರವರೆಗೆ 229 ಪಂದ್ಯಗಳಲ್ಲಿ ಓಡಿದರು. ಗೆದ್ದದ್ದು ಕೇವಲ 3. ಅಂಕಪಟ್ಟಿಯನ್ನಷ್ಟೇ ನೋಡುವವರು 'ಸಾಧಾರಣ' ಎಂದು ಬದಿಗಿಟ್ಟುಬಿಡಬಹುದು. ಆದರೆ ಅಂಕಿಗಳ ಹಿಂದಿನ ಕಥೆ ಬೇರೆಯೇ ಇದೆ.

ತಡವಾಗಿ ಬಂದ ಗೆಲುವು

ಮೊದಲ ಗೆಲುವಿಗೆ ಅವರು ಏಳು ವರ್ಷ ಕಾಯಬೇಕಾಯಿತು. 2003ರ ಬ್ರೆಜಿಲ್ ಪಂದ್ಯದಲ್ಲಿ ಅವರು ಓಡಿಸುತ್ತಿದ್ದುದು ಜೋರ್ಡಾನ್ ತಂಡದ ದುರ್ಬಲ ಕಾರು. ಮಳೆಯಲ್ಲಿ ಅಪಘಾತಗಳಾಗಿ ಪಂದ್ಯವನ್ನು ನಡುವೆಯೇ ನಿಲ್ಲಿಸಲಾಯಿತು. ಫಿನ್‌ಲೆಂಡಿನ ಕಿಮಿ ರೈಕೊನೆನ್ ಗೆದ್ದರೆಂದು ಘೋಷಣೆಯೂ ಆಯಿತು. ಕೆಲ ದಿನಗಳ ಮೇಲೆ ಸುತ್ತುಗಳ ಲೆಕ್ಕವನ್ನು ಮತ್ತೆ ತೆಗೆದಾಗ ಫಿಸಿಕೆಲ್ಲಾ ಮುಂದಿದ್ದುದು ಸಿದ್ಧವಾಯಿತು. ಮುಂದಿನ ಪಂದ್ಯ ನಡೆದ ಇಮೋಲಾದಲ್ಲಿ ರೈಕೊನೆನ್ ತಾವೇ ಟ್ರೋಫಿಯನ್ನು ಅವರ ಕೈಗಿತ್ತರು.

2005ರಲ್ಲಿ ಬಲಶಾಲಿ ರೆನೊ ತಂಡ ಅವರನ್ನು ಕರೆಯಿತು. ಜೊತೆಗಾರ ಸ್ಪೇನಿನ ಫರ್ನಾಂಡೊ ಅಲೊನ್ಸೊ. 2005 ಮತ್ತು 2006ರಲ್ಲಿ ಅಲೊನ್ಸೊ ವರ್ಷಕ್ಕೆ ಏಳೇಳು ಪಂದ್ಯ ಗೆದ್ದು ಎರಡೂ ಬಾರಿ ವಿಶ್ವ ಚಾಂಪಿಯನ್ ಆದರು. ಫಿಸಿಕೆಲ್ಲಾ ಗೆದ್ದದ್ದು ವರ್ಷಕ್ಕೊಂದು ಮಾತ್ರ. ಕಾರು ಒಂದೇ, ಚಾಲಕರು ಇಬ್ಬರು. ವಿಜ್ಞಾನದ ಪ್ರಯೋಗದಲ್ಲಿ ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೆಯೇ ಇಟ್ಟು ಫಲಿತಾಂಶ ನೋಡುತ್ತೇವಲ್ಲ, ಹಾಗೆ. ಇಲ್ಲಿನ ವ್ಯತ್ಯಾಸದ ಬಹುಪಾಲು ಚಾಲಕನದೇ ಎಂದು ಒಪ್ಪಬೇಕಾಗುತ್ತದೆ.

ಕನ್ನಡಿಗನ ತಂಡದಲ್ಲಿ

ಬೆಂಗಳೂರಿನ ಉದ್ಯಮಿ ವಿಜಯ ಮಲ್ಯ 2007ರಲ್ಲಿ ಪಾಲುದಾರರೊಡನೆ ಒಂದು ತಂಡ ಕೊಂಡು 'ಫೋರ್ಸ್ ಇಂಡಿಯಾ' ಎಂದು ಹೆಸರಿಟ್ಟರು. ಅದು ಹಳೆಯ ಜೋರ್ಡಾನ್ ತಂಡವೇ, ಕೈ ಬದಲಾಯಿಸುತ್ತಾ ಬಂದದ್ದು. 2008ರಲ್ಲಿ ಅದರ ಚಾಲಕರಾಗಿ ಬಂದವರು ಫಿಸಿಕೆಲ್ಲಾ ಮತ್ತು ಜರ್ಮನಿಯ ಆಡ್ರಿಯನ್ ಸುಟಿಲ್. ಮೊದಲ 29 ಪಂದ್ಯಗಳಲ್ಲಿ ತಂಡಕ್ಕೆ ಒಂದು ಅಂಕವೂ ಸಿಗಲಿಲ್ಲ.

ಮೂವತ್ತನೆಯದು 2009ರ ಆಗಸ್ಟ್ 30ರಂದು ಬೆಲ್ಜಿಯಂ ದೇಶದ ಸ್ಪಾದಲ್ಲಿ. ಹಿಂದಿನ ದಿನದ ಅರ್ಹತಾ ಸುತ್ತಿನಲ್ಲಿ ಫಿಸಿಕೆಲ್ಲಾ 7.004 ಕಿಲೋಮೀಟರಿನ ಹಾದಿಯನ್ನು 106.308 ಸೆಕೆಂಡುಗಳಲ್ಲಿ ಮುಗಿಸಿ ಎಲ್ಲರಿಗಿಂತ ಮೊದಲಿಗರಾದರು! ವಿದ್ಯಾರ್ಥಿಗಳೇ, ಭಾಗಿಸಿ ನೋಡಿ: ಸರಾಸರಿ ಗಂಟೆಗೆ 237 ಕಿಲೋಮೀಟರ್. ಆ ವೇಗದಲ್ಲಿ ಹಾವೇರಿಯಿಂದ ಹೊರಟವರು ಒಂಬತ್ತು ನಿಮಿಷದೊಳಗೆ ರಾಣೆಬೆನ್ನೂರಿನಲ್ಲಿರುತ್ತಾರೆ.

ಪಂದ್ಯದ ದಿನ ಐದನೆಯ ಸುತ್ತಿನಲ್ಲಿ ಫೆರಾರಿ ಕಾರಿನ ರೈಕೊನೆನ್ ಉದ್ದನೆಯ ನೇರ ಹಾದಿಯಲ್ಲಿ ಅವರನ್ನು ದಾಟಿದರು. ಕಾರಣ 'ಕರ್ಸ್' ಎಂಬ ಸಾಧನ. ಬ್ರೇಕ್ ಹಾಕಿದಾಗ ಶಾಖವಾಗಿ ಹೋಗುವ ಚಲನಶಕ್ತಿಯ ಒಂದು ಪಾಲನ್ನು ಇದು ಕೂಡಿಟ್ಟು, ಗುಂಡಿ ಒತ್ತಿದಾಗ ಚಕ್ರಗಳಿಗೆ ಮರಳಿಸುತ್ತದೆ. ಅಂದಿನ ನಿಯಮದಂತೆ ಪ್ರತಿ ಸುತ್ತಿಗೆ 400 ಕಿಲೋಜೂಲ್. ಅಂದರೆ 60 ಕಿಲೋವ್ಯಾಟ್ ಸಾಮರ್ಥ್ಯ ಆರೂ ಮುಕ್ಕಾಲು ಸೆಕೆಂಡಿನಷ್ಟು ಹೊತ್ತು. ನಲವತ್ತು ಅಶ್ವಶಕ್ತಿಯ ಎರಡು ಟ್ರ್ಯಾಕ್ಟರುಗಳ ಬಲ ಹಿಂದಿನಿಂದ ನೂಕಿದಂತೆ! ಫೋರ್ಸ್ ಇಂಡಿಯಾ ಕಾರಿಗೆ ಈ ಸಾಧನವಿರಲಿಲ್ಲ. ಆದರೂ ಫಿಸಿಕೆಲ್ಲಾ ಕೊನೆಯವರೆಗೂ ಬೆನ್ನು ಬಿಡಲಿಲ್ಲ. 44 ಸುತ್ತುಗಳ ಬಳಿಕ ಇಬ್ಬರ ನಡುವಿನ ಅಂತರ 0.939 ಸೆಕೆಂಡ್. ಎರಡನೆಯ ಸ್ಥಾನ, ತಂಡಕ್ಕೆ ಮೊಟ್ಟಮೊದಲ 8 ಅಂಕ.

ಕನಸಿನ ಕಾರು

ಆ ಜುಲೈಯಲ್ಲಿ ಫೆರಾರಿಯ ಫೆಲಿಪೆ ಮಾಸಾ ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ್ದರು. ಅವರ ಜಾಗಕ್ಕೆ ಬರುವಂತೆ ಫಿಸಿಕೆಲ್ಲಾಗೆ ಸ್ಪಾ ಪಂದ್ಯದ ಬೆನ್ನಿಗೇ ಕರೆ ಬಂತು. ಇಟಲಿಯ ಯಾವ ಚಾಲಕನಿಗೆ ಫೆರಾರಿಯ ಕನಸಿರುವುದಿಲ್ಲ? ಆದರೆ ಅಲ್ಲಿ ಓಡಿಸಿದ ಐದು ಪಂದ್ಯಗಳಲ್ಲಿ ಸಿಕ್ಕ ಸ್ಥಾನಗಳು 9, 13, 12, 10, 16. ಎಂಟರೊಳಗಿನವರಿಗೆ ಮಾತ್ರ ಅಂಕ, ಹಾಗಾಗಿ ಸೊನ್ನೆ. ಅವರ ಮೊದಲ ಫೆರಾರಿ ಪಂದ್ಯ ನಡೆದ ಮೊಂಜಾದಲ್ಲಿ ಅದೇ ಬಗೆಯ ಕಾರಿನ ರೈಕೊನೆನ್ ಮೂರನೆಯವರಾದರೆ, ಅವರು ಬಿಟ್ಟುಬಂದ ಫೋರ್ಸ್ ಇಂಡಿಯಾದ ಸುಟಿಲ್ ನಾಲ್ಕನೆಯವರಾದರು!

ಹಾಗಾದರೆ ಎರಡೇ ವಾರದಲ್ಲಿ ಅವರ ಕೈಚಳಕ ಕರಗಿತೇ? ಇಲ್ಲ. ಹೊಸ ಕಾರು, ಹೊಸ ಬ್ರೇಕು, ಬಳಸಿಯೇ ಗೊತ್ತಿಲ್ಲದ ಕರ್ಸ್. ಪಂದ್ಯಗಳ ನಡುವೆ ಅಭ್ಯಾಸ ಮಾಡುವುದನ್ನು ಆ ವರ್ಷ ನಿಯಮವೇ ನಿಷೇಧಿಸಿತ್ತು. ಗಾಡಿ ದೊಡ್ಡದಿತ್ತು, ಕೈಗೆ ಪಳಗಿರಲಿಲ್ಲ ಅಷ್ಟೆ. ಮುಂದೆ ಫೆರಾರಿಯದೇ ಬೇರೆ ಬಗೆಯ ಕಾರನ್ನು ಅಭ್ಯಾಸ ಮಾಡಿ ಓಡಿಸಿದ ಅವರು, ಫ್ರಾನ್ಸಿನ ಪ್ರಸಿದ್ಧ ಲ ಮಾನ್ 24 ಗಂಟೆಗಳ ಪಂದ್ಯದಲ್ಲಿ 2012 ಹಾಗೂ 2014ರಲ್ಲಿ ಜೊತೆಗಾರರೊಡನೆ ತಮ್ಮ ವಿಭಾಗವನ್ನು ಗೆದ್ದರು. ಫೋರ್ಸ್ ಇಂಡಿಯಾ ಮಾತ್ರ 2018ರಲ್ಲಿ ಸಾಲದ ಸುಳಿಗೆ ಸಿಕ್ಕಿ ಬೇರೆಯವರ ಪಾಲಾಯಿತು.

ನಮ್ಮ ಮಕ್ಕಳ ಅಂಕಪಟ್ಟಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಮನೆಮನೆಯಲ್ಲೂ ಕೇಳುವ ಮಾತು: "ಪಕ್ಕದ ಮನೆಯವನು ತೊಂಬತ್ತೈದು ತಂದ, ನೀನೇಕೆ ಎಪ್ಪತ್ತೈದು?" ಹೋಲಿಕೆ ತಪ್ಪಲ್ಲ, ಆದರೆ ಇಬ್ಬರೂ ಕುಳಿತಿದ್ದ ಗಾಡಿ ಒಂದೇ ಆಗಿತ್ತೇ ಎಂದು ಮೊದಲು ಕೇಳಿಕೊಳ್ಳಬೇಕು. ಬೆಳಗ್ಗೆ ಬೀಜದ ಹೊಲದಲ್ಲಿ ಕ್ರಾಸಿಂಗ್ ಮುಗಿಸಿಯೋ, ಸಂಜೆ ತಾಯಿಯೊಡನೆ ಮೆಣಸಿನಕಾಯಿ ತೊಟ್ಟು ಮುರಿದೋ ಓದಿದ ಮಗುವಿನ ಎಪ್ಪತ್ತೈದು, ಸ್ಪಾದ ಆ ಎರಡನೆಯ ಸ್ಥಾನದ ಹಾಗೆ. ಒಂದೇ ತರಗತಿ, ಅದೇ ಅನುಕೂಲ ಇದ್ದೂ ಹಿಂದುಳಿದರೆ, ಆಗ ಗಾಡಿಯನ್ನು ದೂರುವ ಹಕ್ಕು ವಿದ್ಯಾರ್ಥಿಗೂ ಇಲ್ಲ.

ಇನ್ನೊಂದು ಮಾತು ಪಾಲಕರಿಗೆ. ಪರೀಕ್ಷೆಗೆ ನಾಲ್ಕು ತಿಂಗಳಿರುವಾಗ ಮಗುವನ್ನು ಊರ ಕಾಲೇಜಿನಿಂದ ಬಿಡಿಸಿ, ಸಾಲ ಮಾಡಿ ದೊಡ್ಡ ಹೆಸರಿನ ಕೋಚಿಂಗಿಗೆ ಸೇರಿಸುವ ಮುನ್ನ ಆ ಐದು ಪಂದ್ಯಗಳನ್ನು ನೆನೆಯಿರಿ. ಒಳ್ಳೆಯ ಗಾಡಿ ಬೇಕು, ನಿಜ. ಆದರೆ ಅದು ಕೈಗೆ ಪಳಗಲು ಬೇಕಾದ ಕಾಲವನ್ನು ಯಾವ ಶುಲ್ಕ ಕಟ್ಟಿಯೂ ಕೊಳ್ಳಲಾಗದು.