ನಿಮಗಿದು ಗೊತ್ತೇ? ಪ್ರೋಗ್ರಾಂಗೂ ಗಡುವು!

ಕಂಪ್ಯೂಟರ್ ಭಾಷೆಯಲ್ಲೂ ಗೋಡೆ ಗಡಿಯಾರ ಇದೆ! ‘ವಾಲ್ ಕ್ಲಾಕ್ ಟೈಮ್’ ಅಂದರೆ ನಿಮ್ಮ ಮನೆಯ ಗೋಡೆಯ ಮೇಲೆ ಮುಳ್ಳು ಎಷ್ಟು ಸರಿಯಿತೋ ಅಷ್ಟು ಹೊತ್ತು.

ಲಿನಕ್ಸ್‌ನಲ್ಲಿ ಯಾವುದೇ ಕಮಾಂಡಿಗೂ ಮೊದಲು ‘ಟೈಮ್‌ಔಟ್ 10’ ಎಂದು ಸೇರಿಸಿ. ಈ ಗೋಡೆ ಗಡಿಯಾರದ 10 ಸೆಕೆಂಡಿನಲ್ಲಿ ಕೆಲಸ ಮುಗಿಯದಿದ್ದರೆ ಆಟ ಬಂದ್!

‘ಟೈಮ್‌ಔಟ್ 0’ ಎಂದು ಕೊಟ್ಟರೆ? ತಕ್ಷಣ ಸಾಯುತ್ತದೆ ಅಂದುಕೊಂಡಿರಾ? ಇಲ್ಲ, ಗಡುವೇ ಇರುವುದಿಲ್ಲ! ಸೊನ್ನೆ ಕೊಟ್ಟವನಿಗೆ ಪೂರ್ತಿ ಆಯಸ್ಸು!

‘ಯುಲಿಮಿಟ್’ ಎಂಬ ಇನ್ನೊಬ್ಬ ಕಾವಲುಗಾರನಿದ್ದಾನೆ. ಸಮಯದ ಲೆಕ್ಕಕ್ಕೆ ಇವನು ನೋಡುವುದು ಸಿಪಿಯು ದುಡಿದ ಹೊತ್ತನ್ನು ಮಾತ್ರ. 5 ಸೆಕೆಂಡಿನ ಮಿತಿ ಹಾಕಿ, 1000 ಸೆಕೆಂಡ್ ನಿದ್ದೆ ಮಾಡುವ ಪ್ರೋಗ್ರಾಂ ಓಡಿಸಿ. ಕುಂಭಕರ್ಣನಂತೆ ಮಲಗಿ, ಆರಾಮವಾಗಿ ಎದ್ದು ಹೋಗುತ್ತದೆ! ದುಡಿದವನಿಗಷ್ಟೇ ದಂಡ.

ಗಡುವು ಮೀರಿದ ಕೂಡಲೇ ಟೈಮ್‌ಔಟ್ ಕಳಿಸುವುದು 15ನೇ ಸಿಗ್ನಲ್. ‘ದಯವಿಟ್ಟು ಹೊರಡಿ’ ಅಂದಂತೆ. ಹಟಮಾರಿ ಪ್ರೋಗ್ರಾಂ ಇದನ್ನು ಕಿವಿಗೇ ಹಾಕಿಕೊಳ್ಳದೆ ಇರಬಹುದು! ಅಂಥವರಿಗೆ 9ನೇ ಸಿಗ್ನಲ್. ಅದನ್ನು ತಡೆಯಲು ಯಾವ ಪ್ರೋಗ್ರಾಂಗೂ ಆಗದು.

ಆದರೆ ಯಮನನ್ನೂ ಬಾಗಿಲಲ್ಲಿ ಕಾಯಿಸುವವರಿದ್ದಾರೆ! ಡಿಸ್ಕ್‌ನಿಂದ ಉತ್ತರ ಬರಲೆಂದು ಒಂದು ಬಗೆಯ ಗಾಢ ನಿದ್ದೆಗೆ ಜಾರಿದ ಪ್ರೋಗ್ರಾಂಗೆ 9ನೇ ಸಿಗ್ನಲ್ಲೂ ತಟ್ಟದು. ಅದು ಎಚ್ಚರಾದ ಮೇಲೆಯೇ ಸಾವು.

ಎಲ್ಲಕ್ಕಿಂತ ಸೋಜಿಗ ‘ಅಲಾರ್ಮ್’ ಎಂಬ ಹಳೆಯ ಯುನಿಕ್ಸ್ ಕರೆಯದು. ಒಂದು ಪ್ರೋಗ್ರಾಂಗೆ ಒಂದೇ ಅಲಾರ್ಮ್. ಎರಡನೆಯದನ್ನು ಇಟ್ಟರೆ ಮೊದಲನೆಯದು ರದ್ದು! ಈಗ ಕೇಳಿ. ‘ಎಕ್ಸೆಕ್’ ಎಂದರೆ ಒಂಥರಾ ಪರಕಾಯ ಪ್ರವೇಶ: ಅದೇ ದೇಹದೊಳಗೆ ಬೇರೆ ಪ್ರೋಗ್ರಾಂ ಬಂದು ಕೂರುತ್ತದೆ. ಹಳೆಯದು ಹೋದರೂ ಅದು ಇಟ್ಟ ಅಲಾರ್ಮ್ ಉಳಿದೇ ಇರುತ್ತದೆ! ಪಾಪ, ಹೊಸಬನಿಗೆ ಸುದ್ದಿಯೇ ಇಲ್ಲ. ಹೊತ್ತಾದಾಗ 14ನೇ ಸಿಗ್ನಲ್ ಬಂದು ಮುಗಿಸುತ್ತದೆ. ಆದರೆ ‘ಫೋರ್ಕ್’ ಮಾಡಿ ಹುಟ್ಟಿಸಿದ ಮಗುವಿಗೆ ಈ ಅಲಾರ್ಮ್ ಅಂಟುವುದಿಲ್ಲ. ಋಣ ದೇಹಕ್ಕೆ, ಸಂತಾನಕ್ಕಲ್ಲ!

ಟೈಮ್‌ಔಟ್ ಕಮಾಂಡ್ ಬಹುಕಾಲ ಮ್ಯಾಕ್‌ನಲ್ಲಿ ಇರಲೇ ಇಲ್ಲ. ಜಾಣರು ಪರ್ಲ್ ಭಾಷೆಯ ಒಂದೇ ಸಾಲಿನಲ್ಲಿ ಅಲಾರ್ಮ್ ಇಟ್ಟು, ಇದೇ ಪರಕಾಯದ ಉಪಾಯ ಹೂಡಿ ಕೆಲಸ ಸಾಧಿಸುತ್ತಿದ್ದರು! ಹೀಗೆ ಸತ್ತ ಪ್ರೋಗ್ರಾಂಗೆ ಕಮಾಂಡುಗಳನ್ನು ಓಡಿಸುವ ಶೆಲ್ ಬರೆಯುವ ಶ್ರದ್ಧಾಂಜಲಿ ಎರಡೇ ಪದ: ‘ಅಲಾರ್ಮ್ ಕ್ಲಾಕ್’.

ನಿಮ್ಮಲ್ಲಿ ಲಿನಕ್ಸ್ ಇದೆಯೇ? ಇಂಗ್ಲಿಷ್ ಅಕ್ಷರಗಳಲ್ಲಿ ‘ಟೈಮ್‌ಔಟ್ 3 ಸ್ಲೀಪ್ 1000’ ಒತ್ತಿ. ಮೂರು ಎಣಿಸಿ. ಆಮೇಲೆ ‘ಎಕೋ’ ಆದಮೇಲೆ ಜಾಗ ಬಿಟ್ಟು ಡಾಲರ್ ಚಿಹ್ನೆ, ಅದಕ್ಕಂಟಿದಂತೆ ಪ್ರಶ್ನಾರ್ಥಕ ಚಿಹ್ನೆ ಒತ್ತಿ ನೋಡಿ. 124 ಎಂದು ಬಂತೇ? ಗಡುವು ಮೀರಿ ಸತ್ತವರ ಗುರುತು ಅದೇ!