ಉಕ್ರೇನಿನ ಕಾಲ್ಚೆಂಡು ವೀರ ಶೆವ್ಚೆಂಕೊ

ಕಾಲ್ಚೆಂಡಾಟದಲ್ಲಿ ಪಕ್ಷವೊಂದಕ್ಕೆ ಹನ್ನೊಂದು ಮಂದಿ ಆಟಗಾರರೆಂಬುದು ನಮ್ಮ ವಿದ್ಯಾರ್ಥಿಗಳೆಲ್ಲರಿಗೂ ತಿಳಿದ ಸಂಗತಿ. ಅವರಲ್ಲಿ ಎದುರಾಳಿಗಳ ಗೋಲಿಗೆ ಅತ್ಯಂತ ಸಮೀಪದಲ್ಲಿ ಆಡುತ್ತ, ಜೊತೆಗಾರರು ತಂದೊಪ್ಪಿಸಿದ ಚೆಂಡನ್ನು ಗೋಲಿನೊಳಕ್ಕೆ ಸೇರಿಸುವ ಹೊಣೆ ಹೊತ್ತವನನ್ನು ಸ್ಟ್ರೈಕರ್ ಎಂದು ಕರೆಯುವರು. ಈ ಕೆಲಸವು ನೋಡುವುದಕ್ಕೆ ಸುಲಭ, ಮಾಡುವುದಕ್ಕೆ ಕಠಿನ. ತೊಂಬತ್ತು ನಿಮಿಷಗಳ ಆಟದಲ್ಲಿ ಅವನಿಗೆ ಒದಗುವ ಒಳ್ಳೆಯ ಅವಕಾಶಗಳು ಎರಡೋ ಮೂರೋ ಇರಬಹುದು. ಬಯಲಿನ ನಡುವೆ ಮಾಡಿದ ತಪ್ಪನ್ನು ಜನರು ಬೇಗನೆ ಮರೆಯುವರು. ಗೋಲಿನ ಮುಂದೆ ಮಾಡಿದ ತಪ್ಪನ್ನು ಮರೆಯರು. ಇಂಥ ಹೊಣೆಯನ್ನು 1994ರಿಂದ 2012ರವರೆಗೆ ಹದಿನೆಂಟು ವರ್ಷಗಳ ಕಾಲ ಹೊತ್ತವನು ಉಕ್ರೇನ್ ದೇಶದ ಆಂದ್ರಿ ಶೆವ್ಚೆಂಕೊ. ಪರೀಕ್ಷೆಗಳನ್ನು ಎದುರಿಸುವ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಈತನ ಕಥೆಯನ್ನು ತಿಳಿಯುವುದು ಒಳಿತು.

ಶೆವ್ಚೆಂಕೊ 1976ರ ಸೆಪ್ಟೆಂಬರ್ 29ರಂದು ಕೀವ್ ಪ್ರಾಂತದ ಒಂದು ಹಳ್ಳಿಯಲ್ಲಿ ಜನಿಸಿದನು. ತಂದೆ ಸೈನ್ಯದಲ್ಲಿದ್ದವರು. ಆಗ ಉಕ್ರೇನ್ ಸೋವಿಯೆಟ್ ಒಕ್ಕೂಟದ ಒಂದು ಭಾಗವಾಗಿತ್ತು. ಬಾಲಕನಿಗೆ ಒಂಬತ್ತು ವರ್ಷ ತುಂಬಿದ್ದಾಗ, 1986ರ ಏಪ್ರಿಲ್ 26ರಂದು, ಕೀವ್ ನಗರದ ಉತ್ತರಕ್ಕಿರುವ ಚೆರ್ನೋಬಿಲ್ ಅಣುವಿದ್ಯುತ್ ಕೇಂದ್ರದಲ್ಲಿ ಘೋರವಾದ ಸ್ಫೋಟವಾಯಿತು. ವಿಷಕಿರಣಗಳ ಭಯದಿಂದ ಮಕ್ಕಳನ್ನು ದೂರದ ಊರುಗಳಿಗೆ ಸಾಗಿಸಿದರು. ಮನೆಯನ್ನು ಬಿಟ್ಟು ಕಡಲತೀರಕ್ಕೆ ಹೋದವರಲ್ಲಿ ಈ ಬಾಲಕನೂ ಒಬ್ಬನು.

ಅದೇ ವರ್ಷ ಆತನು ಕೀವ್ ನಗರದ ಕ್ರೀಡಾಶಾಲೆಯೊಂದರ ಪ್ರವೇಶ ಪರೀಕ್ಷೆಗೆ ಹೋದನು. ಚೆಂಡನ್ನು ಕಾಲಿನಲ್ಲಿ ತಟ್ಟುತ್ತ ಅಡೆತಡೆಗಳ ನಡುವೆ ನುಸುಳಿ ಓಡಬೇಕಾದ ಪರೀಕ್ಷೆ ಅದು. ಅದರಲ್ಲಿ ಆತನು ತೇರ್ಗಡೆಯಾಗಲಿಲ್ಲ. ಆದರೆ ಬಾಲಕರ ಪಂದ್ಯವೊಂದರಲ್ಲಿ ಆಡುತ್ತಿದ್ದಾಗ ಡೈನಮೊ ಕೀವ್ ಎಂಬ ಪ್ರಸಿದ್ಧ ಸಂಘದವರ ಕಣ್ಣಿಗೆ ಬಿದ್ದನು. ಪರೀಕ್ಷಕರು ಅಳೆದದ್ದು ಒಂದು ಚಮತ್ಕಾರವನ್ನು. ಸಂಘದವರು ನೋಡಿದ್ದು ಇಡಿಯ ಆಟವನ್ನು. ನಾಲ್ಕು ವರ್ಷಗಳ ತರುವಾಯ ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ನಡೆದ ಬಾಲಕರ ಪಂದ್ಯಾವಳಿಯಲ್ಲಿ ಆತನೇ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದು, ಅಂದಿನ ಹೆಸರಾಂತ ಸ್ಟ್ರೈಕರ್ ಇಯಾನ್ ರಷ್ ಅವರ ಬೂಟುಗಳನ್ನು ಬಹುಮಾನವಾಗಿ ಪಡೆದನು.

ಈತನನ್ನು ತಿದ್ದಿ ತೀಡಿದ ಗುರು ವಲೇರಿ ಲೊಬನೊವ್ಸ್ಕಿ. ಈ ಗುರುವಿಗೆ ಆಟವೆಂಬುದು ಒಂದು ಶಾಸ್ತ್ರ. ಯಾರು ಎಷ್ಟು ಓಡಿದರು, ಎಷ್ಟು ಸಲ ಚೆಂಡನ್ನು ಕಳೆದುಕೊಂಡರು ಎಂಬುದೆಲ್ಲವನ್ನೂ ಅವರು ಲೆಕ್ಕವಿಡಿಸುತ್ತಿದ್ದರು. ಸ್ಟ್ರೈಕರನಾದವನು ಮುಂದೆ ನಿಂತು ಚೆಂಡಿಗಾಗಿ ಕಾಯತಕ್ಕದ್ದಲ್ಲ, ಚೆಂಡು ಕೈತಪ್ಪಿದೊಡನೆ ಹಿಂದಕ್ಕೋಡಿ ಅದನ್ನು ಮರಳಿ ಗಳಿಸಬೇಕು ಎಂಬುದು ಅವರ ಕಟ್ಟಪ್ಪಣೆ. ಅವರ ಕಠೋರ ಶಿಕ್ಷಣದ ಫಲವು ಬೇಗನೆ ಕಾಣಿಸಿತು. 1997ರ ನವೆಂಬರ್ 5ರಂದು ಸ್ಪೇನ್ ದೇಶದ ಬಲಾಢ್ಯ ಬಾರ್ಸಿಲೋನಾ ತಂಡವನ್ನು ಅದರ ಸ್ವಂತ ಅಂಗಣದಲ್ಲಿಯೇ ಡೈನಮೊ 4–0 ಅಂತರದಿಂದ ಸೋಲಿಸಿತು. ಮೊದಲಿನ ಮೂರು ಗೋಲುಗಳೂ ಶೆವ್ಚೆಂಕೊ ಹೊಡೆದವು. ಆಗ ಆತನ ವಯಸ್ಸು ಇಪ್ಪತ್ತೊಂದು.

1999ರಲ್ಲಿ ಇಟಲಿಯ ಮಿಲಾನ್ ಸಂಘವು ಆತನನ್ನು ಕರೆಸಿಕೊಂಡಿತು. ಪರದೇಶ, ಪರಭಾಷೆ, ಆದರೂ ಮೊದಲನೆಯ ವರ್ಷವೇ 24 ಗೋಲುಗಳನ್ನು ಹೊಡೆದು ಇಟಲಿಯ ಲೀಗಿನಲ್ಲಿ ಅಗ್ರಸ್ಥಾನ ಪಡೆದನು. ಆ ಸಂಘಕ್ಕಾಗಿ ಆತನು ಹೊಡೆದ ಗೋಲುಗಳು ಒಟ್ಟು 175. 2004ರಲ್ಲಿ ಯೂರೋಪಿನ ಶ್ರೇಷ್ಠ ಆಟಗಾರನಿಗೆ ಆಗ ಸಲ್ಲುತ್ತಿದ್ದ ‘ಚಿನ್ನದ ಚೆಂಡು’ ಆತನಿಗೆ ಸಂದಿತು.

ಇನ್ನು ಆತನ ಬಾಳಿನ ಮೂರು ಒದೆತಗಳನ್ನು ಕುರಿತು ಹೇಳಬೇಕು. ದೊಡ್ಡ ಪಂದ್ಯವು ಹೆಚ್ಚುವರಿ ಕಾಲದ ನಂತರವೂ ಸಮವಾಗಿ ಉಳಿದರೆ, ಉಭಯ ಪಕ್ಷದವರು ಸರದಿಯಂತೆ ಪೆನಾಲ್ಟಿ ಒದೆಯುವರು. ಚೆಂಡಿಗೂ ಗೋಲಿಗೂ ನಡುವೆ ಹನ್ನೆರಡು ಗಜ ದೂರ. ಗೋಲಿನ ಅಗಲ ಎಂಟು ಗಜ. ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಗೋಲಾಗದಿದ್ದರೆ ಒದೆದವನು ನೆಪ ಹೇಳುವಂತಿಲ್ಲ.

ಮೊದಲನೆಯದು 2003ರ ಮೇ 28ರಂದು ಮ್ಯಾಂಚೆಸ್ಟರಿನಲ್ಲಿ ನಡೆದ ಯೂರೋಪಿನ ಚಾಂಪಿಯನ್ಸ್ ಲೀಗಿನ ಅಂತಿಮ ಪಂದ್ಯ. ಮಿಲಾನ್ ಮತ್ತು ಯುವೆಂಟಸ್ ತಂಡಗಳು ಒಂದು ಗೋಲನ್ನೂ ಹೊಡೆಯದೆ ಸಮವಾಗಿದ್ದವು. ಮಿಲಾನಿನ ಕೊನೆಯ ಸರದಿ ಶೆವ್ಚೆಂಕೊನದು. ಆತನು ರೆಫರಿಯ ಕಡೆಗೊಮ್ಮೆ, ಗೋಲಿನ ಕಡೆಗೊಮ್ಮೆ ನೋಡಿ, ಸೀಟಿಯಾದ ಮೇಲೆ ಒದೆದನು. ಗೋಲಾಯಿತು, ಮಿಲಾನ್ ಗೆದ್ದಿತು. ಗುರು ಲೊಬನೊವ್ಸ್ಕಿ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಶಿಷ್ಯನು ವಿಜಯದ ಪದಕದೊಡನೆ ಕೀವ್‌ಗೆ ತೆರಳಿ ಗುರುವಿನ ಸಮಾಧಿಯ ಬಳಿ ನಿಂತನು.

ಎರಡನೆಯದು 2005ರ ಮೇ 25ರಂದು ಇಸ್ತಾಂಬುಲಿನಲ್ಲಿ, ಅದೇ ಲೀಗಿನ ಅಂತಿಮ ಪಂದ್ಯ. ಅರ್ಧಕಾಲಕ್ಕೆ 3–0 ಮುಂದಿದ್ದ ಮಿಲಾನ್, ಲಿವರ್‌ಪೂಲ್ ತಂಡವು ಮೂರು ಗೋಲುಗಳನ್ನೂ ತೀರಿಸಲು ಪೆನಾಲ್ಟಿಗೆ ಇಳಿಯಬೇಕಾಯಿತು. ಈ ಸಲವೂ ಕೊನೆಯ ಸರದಿ ಶೆವ್ಚೆಂಕೊನದೇ. ಹಿಂದಿನ ವರ್ಷವಷ್ಟೇ ಚಿನ್ನದ ಚೆಂಡನ್ನು ಪಡೆದಿದ್ದ ಆಟಗಾರನ ಒದೆತವನ್ನು ಗೋಲ್‌ಕೀಪರ್ ಡುಡೆಕ್ ತಡೆದುಬಿಟ್ಟನು, ಮಿಲಾನ್ ಸೋತಿತು.

ಮೂರನೆಯದು 2006ರ ವಿಶ್ವಕಪ್ಪಿನಲ್ಲಿ. 1991ರಲ್ಲಿ ಸ್ವತಂತ್ರವಾದ ಉಕ್ರೇನ್ ವಿಶ್ವಕಪ್ಪಿಗೆ ಬಂದದ್ದು ಅದೇ ಮೊದಲು, ನಾಯಕನು ಶೆವ್ಚೆಂಕೊ. ಜರ್ಮನಿಯ ಕಲೋನ್ ನಗರದಲ್ಲಿ ಸ್ವಿಟ್ಜರ್ಲೆಂಡಿನೊಡನೆ ನಡೆದ ಪಂದ್ಯವು ಪೆನಾಲ್ಟಿಗೆ ಬಂದಾಗ ನಾಯಕನೇ ಮೊದಲು ಒದೆದನು, ಅದೂ ವಿಫಲವಾಯಿತು. ಆದರೆ ಅವನ ಜೊತೆಗಾರರು ಮೂವರು ಒಬ್ಬರಾದ ಮೇಲೊಬ್ಬರು ಗೋಲು ಹೊಡೆದರು. ಸ್ವಿಸ್ ಆಟಗಾರರ ಒಂದು ಒದೆತವೂ ಗೋಲಾಗಲಿಲ್ಲ. ಉಕ್ರೇನ್ ಮುಂದಿನ ಸುತ್ತಿಗೆ ಸಾಗಿ, ಅಲ್ಲಿ ಇಟಲಿಗೆ ಸೋತಿತು.

ಹೀಗೆ ಮೊದಲನೆಯ ಸಲ ಆತನು ಗೆಲ್ಲಿಸಿದನು. ಎರಡನೆಯ ಸಲ ಆತನು ತಪ್ಪಿದನು, ತಂಡವೂ ಸೋತಿತು. ಮೂರನೆಯ ಸಲ ಆತನು ತಪ್ಪಿದರೂ ಜೊತೆಗಾರರು ಉಳಿಸಿಕೊಂಡರು. ಮೂರು ಸಲವೂ ಆಟಗಾರನು ಒಬ್ಬನೇ, ದೂರವೂ ಅದೇ ಹನ್ನೆರಡು ಗಜ. ಇವುಗಳಲ್ಲಿ ಯಾವುದಾದರೊಂದನ್ನು ಮಾತ್ರ ನೋಡಿ ಆತನ ಯೋಗ್ಯತೆಯನ್ನು ತೀರ್ಮಾನಿಸುವುದು ಹೇಗೆ?

ತರುವಾಯ ಆತನು ಇಂಗ್ಲೆಂಡಿನ ಚೆಲ್ಸಿ ಸಂಘವನ್ನು ಸೇರಿದನು. ಅಲ್ಲಿ ಹಿಂದಿನ ಕೀರ್ತಿ ಒದಗಲಿಲ್ಲ. 2009ರಲ್ಲಿ ಡೈನಮೊಗೆ ಮರಳಿದನು. ಆತನ ಕಾಲ ಮುಗಿಯಿತೆಂದು ಹಲವರು ಭಾವಿಸಿದ್ದಾಗ, 2012ರ ಜೂನ್ 11ರಂದು ಕೀವ್ ನಗರದಲ್ಲಿ, ಯೂರೋಪಿನ ರಾಷ್ಟ್ರಗಳ ಪಂದ್ಯಾವಳಿಯಲ್ಲಿ ಸ್ವೀಡನ್ ವಿರುದ್ಧ ತಲೆಯಿಂದ ಎರಡು ಗೋಲುಗಳನ್ನು ಹೊಡೆದು ಉಕ್ರೇನನ್ನು 2–1ರಿಂದ ಗೆಲ್ಲಿಸಿದನು. ಆಗ ಆತನಿಗೆ ಮೂವತ್ತೈದು ವರ್ಷ. ದೇಶಕ್ಕಾಗಿ 111 ಪಂದ್ಯಗಳಲ್ಲಿ 48 ಗೋಲುಗಳನ್ನು ಗಳಿಸಿ ಅದೇ ವರ್ಷ ನಿವೃತ್ತನಾದನು. ಮುಂದೆ 2016ರಿಂದ 2021ರವರೆಗೆ ರಾಷ್ಟ್ರೀಯ ತಂಡಕ್ಕೆ ತಾನೇ ಶಿಕ್ಷಕನಾದನು. 2024ರ ಜನವರಿಯಲ್ಲಿ, ದೇಶವು ಯುದ್ಧದ ಬೇಗೆಯಲ್ಲಿದ್ದಾಗ, ಉಕ್ರೇನಿನ ಕಾಲ್ಚೆಂಡು ಮಂಡಲಿಯ ಅಧ್ಯಕ್ಷನಾಗಿ ಆಯ್ಕೆಯಾದನು.

ವಿದ್ಯಾರ್ಥಿಗಳೇ, ಪರೀಕ್ಷೆಯು ಬೇಡವೆಂದು ಇದರ ಅರ್ಥವಲ್ಲ. ಲೊಬನೊವ್ಸ್ಕಿಯ ಶಿಷ್ಯನು ದಿನದಿನವೂ ಬೆವರು ಸುರಿಸಿದವನು. ಸಿದ್ಧತೆಯಿಲ್ಲದೆ ಸೋತವನು ಈ ಕಥೆಯಿಂದ ಸಮಾಧಾನ ಪಡೆಯಲಾಗದು. ಆದರೆ ಶ್ರಮಪಟ್ಟು ಓದಿಯೂ ಒಂದು ಸಲ ಹಿಂದೆ ಬಿದ್ದವನು ಧೈರ್ಯಗೆಡಬೇಕಾಗಿಲ್ಲ. ಪರೀಕ್ಷೆಯ ಫಲಿತಾಂಶ ಬಂದ ದಿನ ಮಗುವು ತಲೆತಗ್ಗಿಸಿ ಮನೆಗೆ ಬಂದರೆ, ತಂದೆತಾಯಿಗಳು ಮೊದಲು ಊಟಕ್ಕೆ ಕರೆಯಲಿ. ಎಲ್ಲಿ ತಪ್ಪಿತೆಂಬ ವಿಚಾರವನ್ನು ಮರುದಿನ ಶಾಂತಚಿತ್ತದಿಂದ ಮಾಡಬಹುದು; ಅದಕ್ಕೆ ಶಾಲೆಯ ಉಪಾಧ್ಯಾಯರೂ ಜೊತೆಗಿರುವರು.